ಹಳೆ ಏರ್ ರೈಫಲ್‌ನಲ್ಲಿ ಪೆಲೆಟ್ ಹಿಡಿತ ಸಮ ಮಾಡಿದ್ದು

ತೊಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. 10 ಮೀಟರ್ ದೂರದ ಕಾಗದದ ಮೇಲೆ ತೂತುಗಳು ಒಂದರ ಕೆಳಗೊಂದು ಬೀಳುತ್ತಿದ್ದವು. ಅಡ್ಡಕ್ಕೆ ಅಷ್ಟೇನೂ ಹರಡುತ್ತಿರಲಿಲ್ಲ. ಮೇಲಿಂದ ಕೆಳಕ್ಕೆ ಮಾತ್ರ ಉದ್ದ ಸಾಲು.

ರೈಫಲ್ ಹಳೆಯದು. ನಳಿಗೆಯನ್ನು ಕೆಳಕ್ಕೆ ಬಾಗಿಸಿ ಒಳಗಿನ ಸ್ಪ್ರಿಂಗ್ ಒತ್ತಿಡುವ, ಅಂದರೆ ಕಾಕ್ ಮಾಡುವ ಮಾದರಿ, 4.5 ಮಿ.ಮೀ. ಕ್ಯಾಲಿಬರ್. ಅಣ್ಣನ ಮಗಳು ಪಿಯುಸಿ ಓದುತ್ತಾಳೆ, ಶೂಟಿಂಗ್ ಕಲಿಯಬೇಕು ಅಂತ ಹಟ ಹಿಡಿದಿದ್ದಳು. ಪಂದ್ಯದ ರೈಫಲ್‌ಗೆ ಲಕ್ಷಗಟ್ಟಲೆ ಬೇಕು. ಅಷ್ಟರವರೆಗೆ ಇದರಲ್ಲೇ ಕೈ ಕೂರಲಿ ಅಂತ ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ತಂದೆವು. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆ ಹಿಂದೆ ಪವರ್‌ಲೂಮ್ ಹಾಕಿದ್ದ ಶೆಡ್ ಇದೆ. ಮಗ್ಗ ಮಾರಿದ ಮೇಲೆ ಖಾಲಿ ಬಿದ್ದಿತ್ತು. ಒಳಗೆ ಹತ್ತು ಮೀಟರ್ ಆರಾಮಾಗಿ ಸಿಗುತ್ತದೆ, ನಾಲ್ಕೂ ಕಡೆ ಕಲ್ಲಿನ ಗೋಡೆ. ಟಾರ್ಗೆಟ್ ಹಿಂದೆ ದಪ್ಪ ತಗಡಿನ ಪೆಟ್ಟಿಗೆ ಇಟ್ಟು, ಅದರೊಳಗೆ ಹಳೆ ಬಟ್ಟೆ ತುರುಕಿದ್ದೇವೆ. ಹೊಡೆಯುವಾಗ ಬಾಗಿಲಿಗೆ ಒಳಗಿನಿಂದ ಚಿಲಕ.

ಪಕ್ಕದ ಓಣಿಯಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ಇದ್ದಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇರುವ ಊರಲ್ಲಿ ಇಂಥವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಅವರನ್ನು ಕರೆದುಕೊಂಡು ಬಂದು ತೋರಿಸಿದೆ. ಕಾಗದ ನೋಡಿದರು, ತಾವೇ ನೆಲದ ಮೇಲೆ ಮಲಗಿ ಒಂದಷ್ಟು ಹೊಡೆದರು. ಅವರದ್ದೂ ಅದೇ ಸಾಲು.

"ಹುಡುಗಿ ಕೈ ಚಲೋ ಐತ್ರಿ. ಉಸಿರು ತಪ್ಪಿದ್ರೂ ಹಿಂಗ ಮ್ಯಾಲ-ಕೆಳಗ ಬೀಳ್ತಾವ, ಆದ್ರ ನಾ ಹೊಡದ್ರೂ ಹಂಗ ಬಿತ್ತಲ್ಲ. ಬಂದೂಕಿನ್ಯಾಗ ಏನೋ ಐತಿ, ಬಿಚ್ಚಿ ನೋಡ್ರಿ" ಅಂದರು.

ಬಿಚ್ಚುವ ಮೊದಲು ಸ್ವಲ್ಪ ಲೆಕ್ಕ ಹಾಕಿದೆ. ಸೆಕೆಂಡಿಗೆ 180 ಮೀಟರ್ ವೇಗದ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 15 ಮಿ.ಮೀ. ಕೆಳಗೆ ಇಳಿಯುತ್ತದೆ. ವೇಗ 190 ಆದರೆ ಇಳಿಯುವುದು ಸುಮಾರು 13.6 ಮಿ.ಮೀ. ಅಂದರೆ ವೇಗದಲ್ಲಿ 10 ಮೀಟರ್ ಹೆಚ್ಚುಕಡಿಮೆ ಆದರೆ ಕಾಗದದ ಮೇಲೆ ಒಂದೂವರೆ ಮಿ.ಮೀ. ವ್ಯತ್ಯಾಸ. ಒಂದೂವರೆ ಮಿ.ಮೀ. ಏನು ಮಹಾ ಅನ್ನಬಹುದು. ಆದರೆ 10 ಮೀಟರ್ ಏರ್ ರೈಫಲ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ನಡುಚುಕ್ಕೆಯ ಅಗಲ 0.5 ಮಿ.ಮೀ. ಮಾತ್ರ. ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಚುಕ್ಕೆಯ ಮೇಲೆ. ಮೇಲಾಗಿ ಸ್ಪ್ರಿಂಗ್ ಗನ್ ಹೊಡೆದಾಗ ಹಿಂದಕ್ಕೂ ಮುಂದಕ್ಕೂ ಜರ್ಕ್ ಹೊಡೆಯುತ್ತದೆ. ಪೆಲೆಟ್ ನಳಿಗೆಯಿಂದ ಹೊರಬೀಳುವ ಹೊತ್ತು ಬದಲಾದರೆ, ಆ ಜರ್ಕಿನ ಯಾವ ಹಂತದಲ್ಲಿ ಹೊರಬಿತ್ತು ಅನ್ನುವುದೂ ಬದಲಾಗುತ್ತದೆ. ಹಾಗಾಗಿ ಬರಿ ಲೆಕ್ಕಕ್ಕಿಂತ ಜಾಸ್ತಿಯೇ ಹರಡುತ್ತದೆ.

ವೇಗ ಏಕೆ ಏರಿಳಿಯುತ್ತದೆ? ಇಲ್ಲಿ ನನಗೆ ದಾರಿ ತೋರಿಸಿದ್ದು ದೊಡ್ಡ ರೈಫಲ್‌ನವರ ಒಂದು ಹಳೆ ತಲೆನೋವು. ತುಂಬಾ ದೂರಕ್ಕೆ ಗುರಿ ಇಡುವವರು ಕಾಡತೂಸನ್ನು ಮತ್ತೆ ತುಂಬಿಕೊಳ್ಳುವಾಗ 'ನೆಕ್ ಟೆನ್ಶನ್' ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಕಾಡತೂಸಿನ ಹಿತ್ತಾಳೆ ಕೊಳವೆಯ, ಅಂದರೆ ಕೇಸಿನ ಕುತ್ತಿಗೆ ಗುಂಡಿಗಿಂತ ಒಂದಿಷ್ಟು ಸಣ್ಣದಿರುತ್ತದೆ. 0.05 ಮಿ.ಮೀ. ಆಸುಪಾಸು ಅಂದುಕೊಳ್ಳಿ. ಆ ಬಿಗಿಯಲ್ಲೇ ಗುಂಡು ಕೂತಿರುತ್ತದೆ. ಮದ್ದು ಹೊತ್ತಿಕೊಂಡಾಗ ಎಷ್ಟು ಒತ್ತಡಕ್ಕೆ ಗುಂಡು ಕುತ್ತಿಗೆ ಬಿಟ್ಟು ಹೊರಡುತ್ತದೆ ಅನ್ನುವುದು ಈ ಹಿಡಿತದ ಮೇಲಿದೆ. ಒಂದು ಕೇಸು ಬಿಗಿ, ಇನ್ನೊಂದು ಸಡಿಲ ಆದರೆ ವೇಗ ಬೇರೆ ಬೇರೆ. ಹಿತ್ತಾಳೆಯನ್ನು ಮತ್ತೆ ಮತ್ತೆ ಒತ್ತಿ ಹಿಗ್ಗಿಸಿದರೆ ಅದು ಗಡುಸಾಗುತ್ತದೆ, ಒತ್ತಿದ ಅಳತೆಗೆ ನಿಲ್ಲದೆ ವಾಪಸ್ ಚಿಮ್ಮುತ್ತದೆ. ಅದಕ್ಕೇ ಅವರು ಕುತ್ತಿಗೆಯನ್ನು ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಕಾಡತೂಸು ತುಂಬುವಂತಿಲ್ಲ, 1959ರ ಶಸ್ತ್ರ ಕಾಯ್ದೆ ಇದೆ. ನಾನು ಆ ಕೆಲಸಕ್ಕೆ ಕೈ ಹಾಕಿಲ್ಲ, ಹಾಕುವುದೂ ಇಲ್ಲ. ಆದರೆ ಹಿಡಿತ ಸಮ ಇರಬೇಕು ಅನ್ನುವ ಮಾತು ಏರ್ ರೈಫಲ್‌ಗೂ ಅಷ್ಟೇ ಸಲ್ಲುತ್ತದೆ.

ಸ್ಪ್ರಿಂಗ್ ಗನ್ ಒಳಗೆ ಏನಾಗುತ್ತದೆ ನೋಡಿ. ಟ್ರಿಗರ್ ಒತ್ತಿದ ಕೂಡಲೇ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಸಣ್ಣ ತೂತಿನಿಂದ ಪೆಲೆಟ್ಟಿನ ಬೆನ್ನಿಗೆ ಬರುತ್ತದೆ. ಪೆಲೆಟ್ ಆಗಲೇ ಹೊರಡುವುದಿಲ್ಲ. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳು ಅದನ್ನು ಹಿಡಿದುಕೊಂಡಿರುತ್ತವೆ. ಒತ್ತಡ ಆ ಹಿಡಿತ ದಾಟಿದಾಗ ಮಾತ್ರ ಅದು ಬಿಡುತ್ತದೆ. ಅಷ್ಟೊತ್ತಿಗೆ ಪಿಸ್ಟನ್ ಹೆಚ್ಚುಕಡಿಮೆ ತುದಿ ಮುಟ್ಟಿರುತ್ತದೆ. ಪೆಲೆಟ್ ಸಡಿಲ ಇದ್ದರೆ ಬೇಗ ಹೊರಡುತ್ತದೆ, ಮುಂದೆ ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ತುದಿಗೆ ಹೋಗಿ ಗುದ್ದುತ್ತದೆ. ಪೆಲೆಟ್ ಅತಿ ಬಿಗಿ ಇದ್ದರೆ ಪಿಸ್ಟನ್ ಒತ್ತಿದ ಗಾಳಿಗೆ ತಾಗಿ ಹಿಂದಕ್ಕೆ ಪುಟಿಯುತ್ತದೆ. ಎರಡರಲ್ಲೂ ವೇಗ ಬೇರೆ. ಜರ್ಕೂ ಬೇರೆ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಅಳೆಯಬೇಕು. ಮೊದಲು ವೇಗ ಅಳೆಯುವ ಪೈಪು ಮಾಡಿಕೊಂಡೆ.

ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪ್ ತುಂಡು, ಒಳಗೆ ಕಪ್ಪು ಪೇಂಟ್. ಸರಿಯಾಗಿ 300 ಮಿ.ಮೀ. ಅಂತರದಲ್ಲಿ ಎರಡು ಕಡೆ ತೂತು, ಅವೇ ಎರಡು ಗೇಟು. ಒಂದು ಬದಿಗೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಮೂರು ಫೋಟೊಡಯೋಡ್ ಸಾಲಾಗಿ. ಒಂದೇ ಡಯೋಡ್ ಇಟ್ಟರೆ ಕಿರಣ ತೀರಾ ಸಣ್ಣದಾಗುತ್ತದೆ, ಪೆಲೆಟ್ ಪಕ್ಕದಲ್ಲಿ ಹಾದುಹೋಗಿಬಿಡುತ್ತದೆ. ಪೆಲೆಟ್ ಅಡ್ಡ ಬಂದಾಗ ನೆರಳು ಬೀಳುತ್ತದೆ, ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್) ಅದನ್ನು ಹಿಡಿಯುತ್ತದೆ. ಈ ಚಿಪ್ಪಿನ ಔಟ್‌ಪುಟ್ ಓಪನ್ ಕಲೆಕ್ಟರ್, ಅಂದರೆ ಅದು ವೈರನ್ನು ಕೆಳಕ್ಕೆ ಮಾತ್ರ ಎಳೆಯುತ್ತದೆ, ಮೇಲಕ್ಕೆ ಎಳೆಯಲು ಹೊರಗೆ ಪುಲ್-ಅಪ್ ರೆಸಿಸ್ಟರ್ ಬೇಕು. ಹಾಗಾಗಿ ಎರಡೂ ಗೇಟಿನ ವೈರನ್ನು ಒಂದಕ್ಕೊಂದು ಸೇರಿಸಿ, ಒಂದೇ ಪುಲ್-ಅಪ್ ರೆಸಿಸ್ಟರ್ ಹಾಕಿ, ಆರ್ಡುಯಿನೋ ಊನೋ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿನ 8ನೇ ಪಿನ್ನಿಗೆ ಕೊಟ್ಟೆ. ಆ ಪಿನ್ನಿಗೆ ಇನ್‌ಪುಟ್ ಕ್ಯಾಪ್ಚರ್ ಇದೆ, ಸಿಗ್ನಲ್ ಬಂದ ಹೊತ್ತನ್ನು ಹಾರ್ಡ್‌ವೇರೇ ಬರೆದಿಟ್ಟುಕೊಳ್ಳುತ್ತದೆ. ಪ್ರೋಗ್ರಾಮಿನಲ್ಲಿ ಮಾಮೂಲಿ ಮೈಕ್ರೊಸೆಕೆಂಡ್ ಫಂಕ್ಷನ್ ಬಳಸಿದರೆ 4 ಮೈಕ್ರೊಸೆಕೆಂಡಿನ ಮೆಟ್ಟಿಲಲ್ಲಿ ಎಣಿಸುತ್ತದೆ. ಸೆಕೆಂಡಿಗೆ 190 ಮೀಟರ್ ವೇಗದಲ್ಲಿ 300 ಮಿ.ಮೀ. ದಾಟಲು ಸುಮಾರು 1,580 ಮೈಕ್ರೊಸೆಕೆಂಡ್ ಸಾಕು. ಅದರಲ್ಲಿ 4 ಅಂದರೆ ವೇಗದಲ್ಲಿ ಹತ್ತಿರ ಹತ್ತಿರ ಅರ್ಧ ಮೀಟರ್ ತಪ್ಪು. ಬೋರ್ಡಿನೊಳಗಿನ ಎಣಿಕೆ ಗಡಿಯಾರ ಟೈಮರ್-1 ಅನ್ನು ನೇರ 16 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಮೆಟ್ಟಿಲು 0.0625 ಮೈಕ್ರೊಸೆಕೆಂಡ್. ಅದು 4.096 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ, ನಮ್ಮ ಕೆಲಸ ಅದರೊಳಗೇ ಮುಗಿಯುತ್ತದೆ.

ಪೈಪಿನ ಅಂತರದಲ್ಲಿ ಅರ್ಧ ಮಿ.ಮೀ. ಆಚೀಚೆ ಆಗಿದ್ದರೂ ಚಿಂತೆ ಇಲ್ಲ. ಆ ತಪ್ಪು ಎಲ್ಲ ಹೊಡೆತಕ್ಕೂ ಒಂದೇ. ನನಗೆ ಬೇಕಾಗಿದ್ದು ಹೊಡೆತದಿಂದ ಹೊಡೆತಕ್ಕೆ ಎಷ್ಟು ಏರಿಳಿತ ಅನ್ನುವುದು.

ಮೇಜಿನ ಮೇಲೆ ಅವ್ವನ ಹಳೆ ಕೌದಿ ಮಡಚಿ ಇಟ್ಟು, ಅದರ ಮೇಲೆ ರೈಫಲ್ಲನ್ನು ಸಡಿಲವಾಗಿ ಒರಗಿಸಿದೆ. ಸ್ಪ್ರಿಂಗ್ ಗನ್ನನ್ನು ಗಟ್ಟಿ ಹಿಡಿಯಬಾರದು, ಗಟ್ಟಿ ಸ್ಟ್ಯಾಂಡಿಗೆ ಬಿಗಿಯಲೂ ಬಾರದು. ಅದಕ್ಕೆ ಜರ್ಕ್ ಹೊಡೆಯಲು ಜಾಗ ಬೇಕು. ಪೆಲೆಟ್ ಹಾಕುವಾಗ ಒಂದು ಕೈ ಯಾವಾಗಲೂ ನಳಿಗೆಯ ಮೇಲಿರಬೇಕು. ಕಾಕ್ ಆದ ನಳಿಗೆ ತಪ್ಪಿ ಮೇಲೆ ಚಿಮ್ಮಿದರೆ ಬೆರಳು ಉಳಿಯುವುದಿಲ್ಲ. ಇದನ್ನು ನಮ್ಮ ಹುಡುಗಿಗೆ ದಿನಾ ಹೇಳುತ್ತೇನೆ.

ಮೊದಲ ಅಳತೆ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ: ಕಡಿಮೆ ಅಂದರೆ 168, ಜಾಸ್ತಿ ಅಂದರೆ 191. ಲೆಕ್ಕದಲ್ಲೇ 4 ಮಿ.ಮೀ. ಮೇಲೆ-ಕೆಳಗೆ, ಒಂದೂವರೆ ರಿಂಗು. ಸಾಲಿನ ಗುಟ್ಟು ಅಲ್ಲೇ ಗೊತ್ತಾಯಿತು.

ಜೊತೆಗೆ ಇನ್ನೊಂದು ವಿಷಯ. ಕೆಲವು ಹೊಡೆತಕ್ಕೆ ಸದ್ದು ಜೋರು, ನಳಿಗೆಯ ತುದಿಯಲ್ಲಿ ತೆಳ್ಳಗೆ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಹಿಂದಿನವರು ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟಿದ್ದರು. ಒತ್ತಿದ ಗಾಳಿ ಬಿಸಿಯಾಗಿ ಒಳಗಿದ್ದ ಎಣ್ಣೆಗೆ ಬೆಂಕಿ ಹತ್ತುತ್ತದೆ. ಡೀಸೆಲ್ ಎಂಜಿನ್ ನಡೆಯುವುದೂ ಹೀಗೇ, ಅದಕ್ಕೇ ಇದಕ್ಕೆ ಡೀಸಲಿಂಗ್ ಅನ್ನುತ್ತಾರೆ. ಜೋರು ಸದ್ದಿನ ಹೊಡೆತಗಳೇ 185ರ ಮೇಲಿನವು. ಕಡಿಮೆ ವೇಗದವಕ್ಕೆ ಕಾರಣ ಬೇರೆ ಇತ್ತು. ನಳಿಗೆ ಕೂಡುವ ಜಾಗದ ಮೇಲೆ ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆದರೆ ಕಾಗದ ಹಾರುತ್ತಿತ್ತು. ಬ್ರೀಚ್, ಅಂದರೆ ಪೆಲೆಟ್ ಹಾಕುವ ನಳಿಗೆಯ ಹಿಂತುದಿ, ಅಲ್ಲಿನ ವಾಷರ್ ಗಾಳಿ ಬಿಡುತ್ತಿದೆ ಅಂತ ಅರ್ಥ.

ಬಿಚ್ಚುವ ಕೆಲಸಕ್ಕೆ ಅವಸರ ಬೇಡ. ಕಾಕ್ ಮಾಡದೇ ಇದ್ದಾಗಲೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಹಿಂದಿನ ಪಿನ್ ತೆಗೆದ ಕೂಡಲೇ ಅದು ಎದೆಗೋ ಮುಖಕ್ಕೋ ಬರುತ್ತದೆ. ಆಂಗಲ್ ಕಬ್ಬಿಣದ ಚೌಕಟ್ಟಿಗೆ ಎಂ12 ಥ್ರೆಡ್ ರಾಡ್ ಕೂರಿಸಿ ಸ್ಪ್ರಿಂಗ್ ಒತ್ತುವ ಸ್ಟ್ಯಾಂಡ್ ಮಾಡಿಸಿದೆ. ರಾಡ್ ತಿರುಗಿಸಿ ಸ್ಪ್ರಿಂಗಿನ ಭಾರ ಹೊತ್ತುಕೊಂಡ ಮೇಲೆ ಪಿನ್ ತೆಗೆಯುವುದು, ಆಮೇಲೆ ನಿಧಾನ ಬಿಡುವುದು. ಇದಿಲ್ಲದೆ ಯಾರೂ ಬಿಚ್ಚಬೇಡಿ.

ಒಳಗೆ ಪಿಸ್ಟನ್ ಸೀಲ್ ಅಂಚು ಕರಕಲಾಗಿ, ಒಂದು ಕಡೆ ಚಕ್ಕೆ ಎದ್ದಿತ್ತು. ಇಲ್ಲಿ ಬೆಳಗಾವಿಯವರ ಪುಣ್ಯ ದೊಡ್ಡದು. ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಪಂಪು, ವಾಲ್ವು ಮಾಡುವವರು ಎಷ್ಟೋ ಜನ. ಅವರಿಗೆ ಪಾಲಿಯುರೆಥೇನ್ ಸೀಲ್ ಅಂದರೆ ದಿನದ ಕೆಲಸ. ಅಲ್ಲಿ ಒಬ್ಬ ಟರ್ನರ್ ಮಾಮಾ ನನಗೆ ಹಳೆ ಪರಿಚಯ. ಪಾಲಿಯುರೆಥೇನ್ ರಾಡಿನಿಂದ ಬಟ್ಟಲಿನಂಥ ಅಂಚಿರುವ ಸೀಲ್ ಕಡಿದುಕೊಟ್ಟರು. ಮೊದಲು ತುಸು ದಪ್ಪ ಇಟ್ಟು, ಸಿಲಿಂಡರಿಗೆ ಹಾಕಿ ನೋಡಿ, ಮತ್ತೆ ಲೇತಿಗೆ ಕಟ್ಟಿ ಎಮರಿ ಪೇಪರಿನಿಂದ ಇಳಿಸಿದರು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬೇಕು, ತಾನಾಗಿ ಜಾರಬಾರದು. ಗಾಳಿಯ ತೂತಿಗೆ ಬೆರಳಿಟ್ಟು ಪಿಸ್ಟನ್ ತಳ್ಳಿದಾಗ ವಾಪಸ್ ಪುಟಿಯಿತು, ಹಾಗೇ ಹಿಡಿದರೂ ಕೆಳಗೆ ಕೂರಲಿಲ್ಲ. ಸೀಲ್ ಸರಿ ಇದೆ ಅಂತ ಗೊತ್ತಾಗಲು ಇಷ್ಟು ಸಾಕು.

ಬ್ರೀಚಿನ ವಾಷರ್ ಅಂದರೆ ಓ-ರಿಂಗ್, ದುಂಡು ರಬ್ಬರ್ ಬಳೆ. ಹಳೆಯದು ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಹೊಸದರ ಕೆಳಗೆ ಓವರ್‌ಹೆಡ್ ಪ್ರೊಜೆಕ್ಟರಿನ ಪ್ಲಾಸ್ಟಿಕ್ ಶೀಟಿನ ತೆಳು ಬಳೆ ಕತ್ತರಿಸಿ ಹಾಕಿ, ಮುಖದಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಮಾಡಿದೆ. ಟಿಶ್ಯೂ ಕಾಗದ ಈಗ ಅಲುಗುವುದಿಲ್ಲ. ಸಿಲಿಂಡರ್ ಸೀಮೆಎಣ್ಣೆಯಿಂದ ತೊಳೆದು ಪೂರ್ತಿ ಒಣಗಿಸಿ, ಪಿಸ್ಟನ್ನಿನ ಮೈಗೆ ಮಾಲಿಬ್ಡಿನಂ ಗ್ರೀಸ್ ತೆಳ್ಳಗೆ ಸವರಿದೆ. ಸೀಲಿನ ಮುಂದೆ ಏನೂ ಹಾಕಲಿಲ್ಲ.

ಎಲ್ಲ ಜೋಡಿಸಿ ಹೊಡೆದಾಗ 176ರಿಂದ 186. ಹೊಗೆ ಹೋಯಿತು, ಜೋರು ಸದ್ದೂ ಹೋಯಿತು. ಏರಿಳಿತ ಅರ್ಧಕ್ಕಿಂತ ಕಡಿಮೆ ಆಯಿತು. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಉಳಿದ 10 ಮೀಟರಿನ ಏರಿಳಿತವೇ ನಿಜವಾದ ವಿಷಯ. ಅದು ಪೆಲೆಟ್ಟಿನ ಹಿಡಿತದ್ದು ಅಂತ ನನಗೆ ಗುಮಾನಿ.

ಮೊದಲು ತೂಕ ನೋಡಿದೆ. ಎಲ್ಲರೂ ತೂಕವನ್ನೇ ದೂರುತ್ತಾರೆ ಅಲ್ವಾ? ಪರಿಚಯದ ಅಕ್ಕಸಾಲಿಗರ ಅಂಗಡಿಯ ಮಿಲಿಗ್ರಾಂ ಕಾಂಟಾದಲ್ಲಿ ಒಂದು ಡಬ್ಬಿಯಿಂದ ಒಂದು ಹಿಡಿ ತೂಗಿದೆ. 530 ಮಿಲಿಗ್ರಾಂನ ಪೆಲೆಟ್, ಐದು ಮಿಲಿಗ್ರಾಂ ಆಚೀಚೆ. ಅಂದರೆ ಸುಮಾರು ಶೇ. 1. ಅದೇ ಶಕ್ತಿಯಲ್ಲಿ ತೂಕ ಶೇ. 1 ಜಾಸ್ತಿಯಾದರೆ ವೇಗ ಇಳಿಯುವುದು ಶೇ. ಅರ್ಧ, ಒಂದು ಮೀಟರಿಗೂ ಕಡಿಮೆ. ಎರಡೂ ಕಡೆ ಸೇರಿಸಿದರೆ ಹೆಚ್ಚೆಂದರೆ 2 ಮೀಟರ್. ಉಳಿದ 8 ಎಲ್ಲಿಂದ ಬಂತು?

ಪೆಲೆಟ್ ಡಮರಿನ ಆಕಾರದಲ್ಲಿರುತ್ತದೆ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ತಲೆ ನಳಿಗೆಯ ಗೆರೆಗಳ ಮೇಲೆ ಕೂರುತ್ತದೆ, ಲಂಗ ಗಾಳಿ ತಡೆಯುತ್ತದೆ. ಒಳ್ಳೆ ಕಂಪನಿಗಳು ತಲೆಯ ಅಳತೆಯನ್ನು ಡಬ್ಬಿಯ ಮೇಲೆ ಬರೆಯುತ್ತವೆ: 4.49, 4.50, 4.51 ಮಿ.ಮೀ. ನಾವು ತರುವ ಅಗ್ಗದ ಡಬ್ಬಿಯ ಮೇಲೆ ಏನೂ ಇರುವುದಿಲ್ಲ. ಸೀಸ ಬಹಳ ಮೆತ್ತಗೆ. ಡಬ್ಬಿ ಪಾರ್ಸಲ್ಲಿನಲ್ಲಿ ಕುಲುಕಾಡಿ ಬರುವಷ್ಟರಲ್ಲಿ ಎಷ್ಟೋ ಲಂಗಗಳು ಒಂದು ಕಡೆ ಮಡಚಿಕೊಂಡಿರುತ್ತವೆ. ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ, ಬಾಯಿ ಗುಂಡಗೆ ಇರುವುದಿಲ್ಲ.

ಹಿಡಿತವನ್ನು ತೂಗುವ ದಾರಿ ಸಿಕ್ಕಿದ್ದು ಅಡುಗೆಮನೆ ಕಾಂಟಾದಿಂದ. ಪಿವಟ್ ಬೋಲ್ಟ್ (ನಳಿಗೆ ಬಾಗುವ ಕೀಲಿನ ಬೋಲ್ಟ್) ಬಿಚ್ಚಿ ನಳಿಗೆಯನ್ನು ಬೇರೆ ಮಾಡಿಕೊಂಡೆ. ಮರದ ತುಂಡಿಗೆ ತೂತು ಹಾಕಿ, ಒಳಗೆ ರಬ್ಬರ್ ಇಟ್ಟು, ನಳಿಗೆಯ ಬಾಯಿ ಅದರಲ್ಲಿ ಕೂರುವಂತೆ ಮಾಡಿದೆ. ನಳಿಗೆಯ ಬಾಯಿಯ ಅಂಚಿಗೆ ಒಂದು ಗೀರು ಬಿದ್ದರೂ ಪೆಲೆಟ್ ಓರೆ ಹೋಗುತ್ತದೆ. ಆ ಮರದ ತುಂಡು ಡಿಜಿಟಲ್ ಕಾಂಟಾದ ಮೇಲೆ. ಮೇಲೆ ಡ್ರಿಲ್ ಸ್ಟ್ಯಾಂಡ್, ಚಕ್ಕಿನಲ್ಲಿ ಹಿತ್ತಾಳೆ ಕಡ್ಡಿ, ಕರೆಂಟ್ ತೆಗೆದಿದ್ದೆ. ಸ್ಟ್ಯಾಂಡಿನ ಹಿಡಿ ಇಳಿಸಿದರೆ ಕಡ್ಡಿ ನೆಟ್ಟಗೆ ಬಂದು ಪೆಲೆಟ್ಟನ್ನು ಗೆರೆಗಳೊಳಗೆ ತಳ್ಳುತ್ತದೆ. ತಳ್ಳಲು ಎಷ್ಟು ಬಲ ಬೇಕಾಯಿತು ಅನ್ನುವುದು ಕೆಳಗೆ ಕಾಂಟಾದಲ್ಲಿ ಗ್ರಾಂ ಲೆಕ್ಕದಲ್ಲಿ ಬರುತ್ತದೆ. ಅಂಕಿ ಒಂದು ಕ್ಷಣ ಏರಿ ಇಳಿದುಬಿಡುತ್ತದೆ. ನಮ್ಮ ಹುಡುಗಿ ಫೋನಿನಲ್ಲಿ ವಿಡಿಯೋ ಹಿಡಿದಳು, ಆಮೇಲೆ ನಿಧಾನ ಓಡಿಸಿ ದೊಡ್ಡ ಅಂಕಿ ಬರೆದುಕೊಂಡೆವು.

ಬಂದ ಅಂಕಿ ನೋಡಿ ನಮಗೆ ಆಶ್ಚರ್ಯ. ಒಂದೇ ಡಬ್ಬಿಯ ಪೆಲೆಟ್‌ಗಳು. ಕೆಲವು 600 ಗ್ರಾಂಗೆಲ್ಲ ಒಳಗೆ ಜಾರಿದವು. ಕೆಲವಕ್ಕೆ 2 ಕೆ.ಜಿ. ದಾಟಿತು. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ!

"ಕಾಕಾ, ತೂಕ ಒಂದ ಐತಿ, ಇಷ್ಟ್ಯಾಕ ಫರಕು?" ಅಂದಳು.

ತಳ್ಳಿದ ಪೆಲೆಟ್‌ಗಳನ್ನು ಬಾಯಿಯ ಕಡೆಯಿಂದ ಹೊರಗೆ ತೆಗೆದು ಲೆನ್ಸಿನಲ್ಲಿ ನೋಡಿದೆವು. ಸಡಿಲ ಇದ್ದವುಗಳ ತಲೆಯ ಮೇಲೆ ಗೆರೆಗಳ ಗುರುತು ಬರಿ ಹೊಳಪಿನಂತೆ, ಅದೂ ಒಂದೇ ಕಡೆ. ಬಿಗಿ ಇದ್ದವುಗಳಲ್ಲಿ ಗೆರೆ ಸುತ್ತಲೂ ಆಳವಾಗಿ ಕಚ್ಚಿತ್ತು. ಲಂಗ ಮಡಚಿದವುಗಳಲ್ಲಿ ಒಂದು ಬದಿ ಸೀಸ ಉಜ್ಜಿ ಹಿಂದಕ್ಕೆ ರೆಕ್ಕೆ ಬಂದಿತ್ತು. ತಲೆಯ ಅಳತೆ ಒಂದು, ಲಂಗದ ದುಂಡು ಇನ್ನೊಂದು. ಹಿಡಿತ ಕೆಡುತ್ತಿದ್ದುದು ಈ ಎರಡರಿಂದ.

ತಲೆಯ ಅಳತೆಗೆ ಮೈಕ್ರೋಮೀಟರ್ ಹಿಡಿದು ಒಂದೊಂದೇ ಅಳೆಯುವುದು ಆಗದ ಮಾತು. ಮೆತ್ತಗಿನ ಸೀಸ, ಮೈಕ್ರೋಮೀಟರಿನ ಬಾಯೇ ಅದನ್ನು ಒತ್ತಿಬಿಡುತ್ತದೆ. ಇದಕ್ಕೆ ಸುಲಭದ ಉಪಾಯ ಒಂದಿದೆ. ಪೆಲೆಟ್ಟಿನ ತಲೆಗಿಂತ ಲಂಗ ಅಗಲ. ಹಾಗಾಗಿ ಇಳಿಜಾರಿನ ಗಾಜಿನ ಮೇಲೆ ಬಿಟ್ಟರೆ ಅದು ನೇರ ಉರುಳುವುದಿಲ್ಲ, ತಲೆಯ ಕಡೆ ಬಾಗಿಕೊಂಡು ಉರುಳುತ್ತದೆ. ತಲೆ ಮತ್ತು ಲಂಗದ ಅಳತೆ ಒಂದೇ ಇದ್ದವು ಒಂದೇ ಬಾಗಿನಲ್ಲಿ ಬಂದು ಒಂದೇ ಜಾಗದಲ್ಲಿ ಬೀಳುತ್ತವೆ. ಬೇರೆ ಇದ್ದವು ಆಚೆಗೋ ಈಚೆಗೋ. ಮಡಚಿದ ಲಂಗದವು ಕುಂಟುತ್ತಾ ಉರುಳಿ ನಡುವೆಯೇ ನಿಲ್ಲುತ್ತವೆ.

ಹಳೆ ಕಿಟಕಿಯ ಗಾಜು, ಒಂದು ಕಡೆ ಪುಸ್ತಕ ಇಟ್ಟು ಎತ್ತರ. ಮೇಲೆ ಪೆಲೆಟ್ ಇಡಲು ಒಂದೇ ಗುರುತು, ಕೆಳಗೆ ರಟ್ಟಿನಿಂದ ಮಾಡಿದ ಖಾನೆಗಳು. ಗಾಜು ಪೂರ್ತಿ ಸ್ವಚ್ಛ ಇರಬೇಕು, ಬೆರಳಿನ ಜಿಡ್ಡು ಬಿದ್ದರೂ ದಾರಿ ತಪ್ಪುತ್ತದೆ. ಹುಡುಗಿ ಇಡೀ ಡಬ್ಬಿಯನ್ನು ಉರುಳಿಸಿ ವಿಂಗಡಿಸಿದಳು. ನಡುವಿನ ಮೂರು ಖಾನೆಯಲ್ಲೇ ಬಹುಪಾಲು ಬಿದ್ದವು. ನಡುವಿನ ಖಾನೆಯ ಪೆಲೆಟ್‌ಗಳನ್ನು ಮತ್ತೆ ಕಾಂಟಾದ ಮೇಲೆ ತಳ್ಳಿದಾಗ ಬಲ 1,100ರಿಂದ 1,500 ಗ್ರಾಂ ಒಳಗೆ ಬಂತು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಫಲ ಸಿಗುತ್ತದೆ ಅಂತ ನಾನು ಎಣಿಸಿರಲಿಲ್ಲ.

ಇನ್ನು ಲಂಗದ ದುಂಡು. ಇದಕ್ಕೆ ಕೂರಿಸುವ ಕಡ್ಡಿ ಮಾಡಿಸಿದೆ. ಮತ್ತೆ ಉದ್ಯಮಬಾಗ್, ಮತ್ತೆ ಅದೇ ಮಾಮಾ. 10 ಮಿ.ಮೀ. ಹಿತ್ತಾಳೆ ರಾಡು, ಬೆರಳುದ್ದ. ಹಿತ್ತಾಳೆಯೇ ಏಕೆ ಅಂದರೆ ಅದು ಉಕ್ಕಿನ ನಳಿಗೆಗೆ ಗೀರು ಹಾಕುವುದಿಲ್ಲ. ಒಂದು ತುದಿಯಲ್ಲಿ ಉಕ್ಕಿನ ಸಣ್ಣ ಗೋಲಿ ಕೂರಿಸಿದ್ದೇವೆ. ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಇರುತ್ತದಲ್ಲ, 3/16 ಇಂಚಿನದು, ಅಂದರೆ 4.76 ಮಿ.ಮೀ. ಅದನ್ನು ಲಂಗದ ಬಾಯಿಗೆ ಇಟ್ಟು ಮೆತ್ತಗೆ ಒತ್ತಿ ತಿರುಗಿಸಿದರೆ ಮಡಚಿದ ಅಂಚು ದುಂಡಗಾಗುತ್ತದೆ. ಜೋರು ಒತ್ತಬಾರದು. ಲಂಗ ಹಿಗ್ಗಿಬಿಟ್ಟರೆ ಮತ್ತೆ ಬಿಗಿ ಜಾಸ್ತಿ.

ಇನ್ನೊಂದು ತುದಿಯಲ್ಲಿ ಸಣ್ಣ ಮೂತಿ. ಇದು ಪೆಲೆಟ್ಟನ್ನು ಬ್ರೀಚಿನ ಮುಖದಿಂದ ಒಂದೇ ಆಳಕ್ಕೆ ತಳ್ಳುತ್ತದೆ. ಮೂತಿಯ ಹಿಂದಿನ ಭುಜ ಬ್ರೀಚಿಗೆ ತಾಗಿ ನಿಲ್ಲುತ್ತದೆ, ಅದಕ್ಕಿಂತ ಒಳಗೆ ಹೋಗುವುದಿಲ್ಲ.

"ಮೂತಿ ಎಷ್ಟ ಇಡ್ಲ್ಯಾ ಸರ?" ಅಂತ ಮಾಮಾ ಕೇಳಿದರು.

"4.2 ಇಡ್ರಿ ಮಾಮಾ. ಉದ್ದ ಎರಡು."

"4.4 ಇಟ್ರ ಗಟ್ಟಿ ಇರ್ತೈತಲ್ಲ?"

"ಗೆರೆಗೆ ತಾಗ್ತೈತ್ರಿ. ಒಳಗ ಗೆರೆಗಳ ನಡುವಿನ ಅಂತರ 4.5ಕ್ಕಿಂತ ಕಡಿಮಿ ಇರ್ತೈತಿ."

ಮಾಮಾ ತಲೆಯಾಡಿಸಿ, 4.2ಕ್ಕೆ ಇಳಿಸಿ, ಅಂಚಿನ ಚೂಪು ತೆಗೆದು, ಭುಜ ಓ-ರಿಂಗಿಗೆ ತಾಗದಂತೆ ಒಳಗಡೆ ಸ್ವಲ್ಪ ಕಡಿದುಕೊಟ್ಟರು. ಓ-ರಿಂಗಿನ ಮಾತು ನಾನು ಹೇಳಿರಲಿಲ್ಲ. ಬ್ರೀಚ್ ನೋಡಿ ಅವರೇ ಹೊಳೆಸಿಕೊಂಡರು. ಸೀಲಿನ ಜೊತೆ ಜೀವನವಿಡೀ ಕೆಲಸ ಮಾಡಿದವರ ಕಣ್ಣು ಹಾಗೆ.

ಆಳ ಎಷ್ಟು ಅನ್ನುವುದನ್ನು ಹೊಡೆದೇ ನೋಡಬೇಕು. ಕಡ್ಡಿಯ ಭುಜಕ್ಕೆ ತೆಳು ವಾಷರ್ ಹಾಕುತ್ತಾ ತೆಗೆಯುತ್ತಾ ಬೇರೆ ಬೇರೆ ಆಳಕ್ಕೆ ವೇಗ ಬರೆದುಕೊಂಡೆವು. ಬೆರಳಿನಿಂದ ಸುಮ್ನೆ ಸಮಕ್ಕೆ ಒತ್ತಿದಾಗ ವೇಗ ಸ್ವಲ್ಪ ಜಾಸ್ತಿ, ಏರಿಳಿತವೂ ಜಾಸ್ತಿ. ಒಳಕ್ಕೆ ಹೋದಂತೆ ವೇಗ ಒಂದೆರಡು ಮೀಟರ್ ಇಳಿಯಿತು, ಏರಿಳಿತ ಅದಕ್ಕಿಂತ ಬೇಗ ಇಳಿಯಿತು. ಲಂಗವನ್ನು ಕಡ್ಡಿಯೇ ಮೊದಲು ಗೆರೆಯೊಳಗೆ ಒತ್ತಿ ಒಂದೇ ಅಳತೆಗೆ ತಂದುಬಿಡುತ್ತದೆ. ಆಮೇಲೆ ಗಾಳಿಯ ಒತ್ತಡ ಎದುರಿಸಬೇಕಾದ ಹಿಡಿತ ಎಲ್ಲ ಪೆಲೆಟ್ಟಿಗೂ ಹೆಚ್ಚುಕಡಿಮೆ ಒಂದೇ. ನಮ್ಮ ನಳಿಗೆಗೆ ಒಂದೂವರೆ ಮಿ.ಮೀ. ಚಲೋ ಅನ್ನಿಸಿತು. ಎರಡಕ್ಕೆ ಹೋದರೆ ಮತ್ತೆ ಏರಿಳಿತ ಶುರು. ನಿಮ್ಮ ನಳಿಗೆಗೆ ಬೇರೆಯೇ ಅಂಕಿ ಬರಬಹುದು, ನೀವೇ ಹೊಡೆದು ನೋಡಿ.

ವಿಂಗಡಿಸಿದ ಪೆಲೆಟ್, ದುಂಡು ಮಾಡಿದ ಲಂಗ, ಒಂದೇ ಆಳ. ಈಗ ವೇಗ 178ರಿಂದ 182ರೊಳಗೆ. ಲೆಕ್ಕದ ಪ್ರಕಾರ ಕಾಗದದ ಮೇಲೆ ಮೇಲೆ-ಕೆಳಗಿನ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ. ಸುಬೇದಾರರು ಮತ್ತೆ ಬಂದು ಹೊಡೆದರು. ಸಾಲು ಹೋಗಿ ತೂತುಗಳು ಒಂದರ ಮೇಲೊಂದು ಬಿದ್ದವು, ಎಣಿಸಲು ಕಷ್ಟವಾಗುವಷ್ಟು. "ಈಗ ತಪ್ಪಾದ್ರ ಅದು ನಿಂದ ತಪ್ಪ ನೋಡವಾ" ಅಂತ ಹುಡುಗಿಗೆ ಹೇಳಿದರು. ಅವಳಿಗೆ ಬೇಕಾಗಿದ್ದೂ ಅದೇ. ಕೈಯ ತಪ್ಪು ಯಾವುದು, ಬಂದೂಕಿನ ತಪ್ಪು ಯಾವುದು ಅಂತ ಬೇರೆ ಮಾಡಿ ಗೊತ್ತಾಗದೆ ಕಲಿಯುವುದು ಹೇಗೆ?

ವೇಗ ಹೆಚ್ಚಿಸಲು ಗಟ್ಟಿ ಸ್ಪ್ರಿಂಗ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಕಾಗದಕ್ಕೆ ತೂತು ಹಾಕಲು ಅಷ್ಟು ಶಕ್ತಿ ಬೇಕಿಲ್ಲ. ಜರ್ಕ್ ಜಾಸ್ತಿಯಾಗುತ್ತದೆ, ಸೀಲ್ ಬೇಗ ಹೋಗುತ್ತದೆ. 530 ಮಿಲಿಗ್ರಾಂ ಪೆಲೆಟ್ 180 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 8.6 ಜೂಲ್. ನಮ್ಮ ನಿಯಮದಲ್ಲಿ 4.5 ಮಿ.ಮೀ. ಏರ್ ಗನ್ 20 ಜೂಲ್ ದಾಟಿದರೆ ಪರವಾನಗಿ ಬೇಕು. ಹಕ್ಕಿಗಳ ಮೇಲೆ ಹೊಡೆಯುವುದಂತೂ ಅಪರಾಧ, ಪಾಪವೂ ಹೌದು. ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ನಮ್ಮ ಕಡೆಯ ಹುಡುಗರಿಗೂ ರೈಫಲ್ ಆಸೆ ಹುಟ್ಟಿದೆ. ಆ ಆಸೆ ಕಾಗದದ ಮೇಲಿನ ಚುಕ್ಕೆಯ ಕಡೆಗೇ ಇರಲಿ.

ಇನ್ನು ನೋಡಿಕೊಳ್ಳುವ ಮಾತು. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತು, ಜೂನ್‌ನಿಂದ ಶುರುವಾದರೆ ಗೋಡೆಯೂ ಬೆವರುತ್ತದೆ. ಹೊರಗಿನ ಲೋಹಕ್ಕೆ ತೆಳ್ಳಗೆ ಎಣ್ಣೆ ಒರೆಸಿ, ಒಳಗೆ ಮಾತ್ರ ಬಿಡಬೇಡಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ತುದಿಗೆ ಗುದ್ದಿ ಸೀಲೂ ಸ್ಪ್ರಿಂಗೂ ಹಾಳು. ಕಾಕ್ ಮಾಡಿ ಇಟ್ಟು ಚಹಾ ಕುಡಿಯಲು ಹೋಗಬೇಡಿ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕು. ವಿಂಗಡಿಸಿದ ಪೆಲೆಟ್‌ಗಳನ್ನು ಮತ್ತೆ ಡಬ್ಬಿಗೆ ಸುರಿದರೆ ಮಾಡಿದ್ದೆಲ್ಲ ನೀರಿಗೆ. ನಾವು ಮಾತ್ರೆ ಇಡುವ ಖಾನೆ ಡಬ್ಬಿಯಲ್ಲಿ ಸ್ಪಂಜ್ ಹಾಸಿ, ತಲೆ ಕೆಳಗೆ ಮಾಡಿ ನಿಲ್ಲಿಸುತ್ತೇವೆ.

ಹೊಸ ಡಬ್ಬಿ ತಂದಾಗ ಹಳೆ ಅಂಕಿ ನಂಬುವುದಿಲ್ಲ. ಮೊದಲು ಗಾಜಿನ ಮೇಲೆ ಉರುಳಿಸುತ್ತೇವೆ, ಆಮೇಲೆ ಪೈಪಿನ ಮುಂದೆ ಹೊಡೆದು ವೇಗ ನೋಡುತ್ತೇವೆ. ಏರಿಳಿತ ಜಾಸ್ತಿ ಕಂಡರೆ ಕಡ್ಡಿಯ ವಾಷರ್ ಬದಲಿಸುತ್ತೇವೆ. ಹೋದ ಸಲ ತಂದ ಡಬ್ಬಿಗೆ ಒಂದೂವರೆ ಬದಲು ಒಂದೇ ಮಿ.ಮೀ. ಆಳ ಸರಿಹೋಯಿತು. ಆ ಪೆಲೆಟ್‌ಗಳ ಲಂಗ ತುಸು ದಪ್ಪ ಇದ್ದವು.